‘ಗ್ಲೂಕೋಸ್ ಹಚ್ಚಿ ಅಂತ ಜಗಳ ಮಾಡಿದ್ದೆ’

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ತೊಗರಿ ರಾಶಿ ಮುಗಿಸಿ ಬರುವಾಗ ನನ್ನ ತಮ್ಮ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ. ತಲೆಗೆ ಪೆಟ್ಟಾಗಿ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಐಸಿಯುನಲ್ಲಿದ್ದ. ಮೊದಲ ದಿನ ಊಟವಿಲ್ಲ ಏನಿಲ್ಲ. ‘ಗ್ಲೂಕೋಸ್ ಹಚ್ಚಿ, ಶಕ್ತಿ ಬರಲಿ’ ಅಂತ ಸಿಸ್ಟರ್‌ಗೆ ಕೈ ಮುಗಿದೆ. ಹಚ್ಚಲಿಲ್ಲ. ‘ದುಡ್ಡು ಕೊಡ್ತೀವಿ, ತುಟ್ಟಿ ಬಾಟಲಿ ಆದರೂ ತರಿಸಿ’ ಅಂದೆ. ಅದೂ ಆಗಲಿಲ್ಲ. ಎಳನೀರು ಒಯ್ದರೆ ವಾಪಸ್ ಕಳಿಸಿದರು. ಸಿಟ್ಟು ಬಂದು ದೊಡ್ಡ ಜಗಳವೇ ಆಯಿತು. ಹಗಲಿನ ಡಾಕ್ಟರ್ ‘ನೀರು ಜಾಸ್ತಿಯಾದರೆ ಮೆದುಳಿಗೆ ಬಾವು ಬರುತ್ತದೆ’ ಅಂದರು. ರಾತ್ರಿಯವರು ‘ಬಿ.ಪಿ. ಇಳಿದಿದೆ’ ಅಂತ ಸಲೈನ್ ಜೋರಾಗಿ ಬಿಡಿಸಿದರು. ಈಗ ತಮ್ಮ ಮನೆಗೆ ಬಂದಿದ್ದಾನೆ, ಓಡಾಡುತ್ತಾನೆ. ಆದರೂ ಕೇಳಬೇಕು. ಇಬ್ಬರಲ್ಲಿ ಯಾರು ಸರಿ? ನಾನು ಜಗಳ ಮಾಡಿದ್ದು ತಪ್ಪಾ?

ಉತ್ತರ: ಇಬ್ಬರೂ ಸರಿ, ಅಣ್ಣಾರೆ. ಜಗಳದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಅರಿವಳಿಕೆ ಡಾಕ್ಟರ್. ಅರ್ಧ ಆಯುಷ್ಯ ಐಸಿಯುನಲ್ಲೇ ಕಳೆದಿದೆ. ನಮ್ಮ ಕಡೆ ‘ಸಲೈನ್ ಹಚ್ಯಾರ’ ಅಂದರೆ ಮುಗಿಯಿತು, ಬಾಟಲಿಯಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ನೋಡಲು ಎಲ್ಲವೂ ನೀರೇ. ಮೆದುಳಿಗೆ ಮಾತ್ರ ಒಂದೊಂದೂ ಬೇರೆ.

ನೆನೆಸಿದರೆ ತೊಗರಿ ಉಬ್ಬುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಅದನ್ನೇ ಡಬ್ಬಿಯ ತುಂಬ ತುಂಬಿ, ಮುಚ್ಚಳ ಬಿಗಿದು ನೆನೆಸಿ ನೋಡಿ. ಉಬ್ಬಲು ಜಾಗವಿಲ್ಲದೆ ಕಾಳು ಕಾಳನ್ನು ಒತ್ತುತ್ತದೆ. ತಲೆಬುರುಡೆ ಅಂಥ ಡಬ್ಬಿ. ಒಳಗೆ ಮೆದುಳು, ಸ್ವಲ್ಪ ರಕ್ತ, ಮೆದುಳಿನ ಸುತ್ತಲಿನ ನೀರು. ರಕ್ತ ಸುಮಾರು 150 ಮಿ.ಲೀ., ಆ ನೀರೂ ಹೆಚ್ಚುಕಮ್ಮಿ ಅಷ್ಟೇ. ಮೆದುಳಿಗೆ ಬಾವು ಬಂದಾಗ ಮೊದಲು ಇವೆರಡೂ ಸರಿದು ಜಾಗ ಬಿಡುತ್ತವೆ. ಆ ಜಾಗ ಮುಗಿದ ಮೇಲೆ ಇನ್ನೆರಡು ಚಮಚದಷ್ಟು ಬಾವು ಬಂದರೂ ಒತ್ತಡ ಸರ್ರನೆ ಏರುತ್ತದೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 15ರ ಒಳಗಿರುತ್ತದೆ, ಬಿ.ಪಿ. ಅಳೆಯುವ ಲೆಕ್ಕದಲ್ಲೇ. 22 ದಾಟಿದರೆ ನಾವು ಸುಮ್ನೆ ಕೂರುವುದಿಲ್ಲ.

ಈಗ ನಿಮ್ಮ ಗ್ಲೂಕೋಸ್. 5 ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಹೆಚ್ಚೆಂದರೆ 100 ಕ್ಯಾಲೊರಿ. ಒಂದು ದಪ್ಪ ಜೋಳದ ರೊಟ್ಟಿಯ ಶಕ್ತಿಯೂ ಅದರಲ್ಲಿಲ್ಲ! ಆ ಸಕ್ಕರೆಯನ್ನು ದೇಹ ಬೇಗ ಬಳಸಿಬಿಡುತ್ತದೆ. ಉಳಿಯುವುದು ಉಪ್ಪಿಲ್ಲದ ಬರೀ ನೀರು. ರಕ್ತಕ್ಕೂ ಮೆದುಳಿಗೂ ನಡುವೆ ಬಹಳ ಸಣ್ಣ ಕಣ್ಣಿನ ಜರಡಿಯಂಥದ್ದೊಂದು ಇದೆ. ಅದು ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ರಕ್ತದಲ್ಲಿ ಉಪ್ಪು ತೆಳುವಾದರೆ ನೀರು ಮೆದುಳಿನೊಳಕ್ಕೆ ಇಳಿಯುತ್ತದೆ. ಮೊದಲೇ ಬಾತ ಮೆದುಳು ಇನ್ನೂ ಬಾಯುತ್ತದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಗ್ಲೂಕೋಸ್ ಕೊಡಲೇಬೇಕು, ಆ ಮಾತು ಬೇರೆ. ಹೊಟ್ಟೆ ತುಂಬಿಸಲು ಮೂಗಿನ ನಳಿಕೆ ಇದೆ.

ಇದು ನನಗೆ ಪುಸ್ತಕ ಓದಿ ತಲೆಗೆ ಹೋದದ್ದಲ್ಲ. ಪಿ.ಜಿ. ಮಾಡುವಾಗ ಒಂದು ರಾತ್ರಿ ಯಾದಗಿರಿ ಕಡೆಯ ಹುಡುಗನೊಬ್ಬ ಬಂದ. ತಲೆಪೆಟ್ಟು. ದಾರಿಯಲ್ಲಿ ಎಲ್ಲೋ ಹಚ್ಚಿದ್ದ ಗ್ಲೂಕೋಸ್ ಹನಿಯುತ್ತಲೇ ಇತ್ತು. ನಾನು ಲೇಬಲ್ ನೋಡದೆ, ಅದು ಮುಗಿದ ಮೇಲೆ ‘ಅದನ್ನೇ ಹಚ್ಚಿ’ ಅಂದೆ. ಬೆಳಗಿನ ರಿಪೋರ್ಟಿನಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನ ಅಳತೆ, 128. 135ರ ಕೆಳಗೆ ಇಳಿಯಬಾರದು. ಕರೆದರೆ ಓ ಅನ್ನುತ್ತಿದ್ದ ಹುಡುಗ ಆಗ ಬರೀ ನರಳುತ್ತಿದ್ದ. ನಮ್ಮ ಸೀನಿಯರ್ ಬೈಯಲಿಲ್ಲ. ಬಾಟಲಿ ಬಿಚ್ಚಿ ನನ್ನ ಕೈಗಿಟ್ಟು, ‘ಜೋರಾಗಿ ಓದು’ ಅಂದರು. ಇಡೀ ವಾರ್ಡು ಕೇಳುವಂತೆ ಓದಿದೆ. ಹುಡುಗ ಉಳಿದ. ಅವತ್ತಿನಿಂದ ಮಂಚದ ಹತ್ತಿರ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಬಾಟಲಿಗೆ, ಆಮೇಲೆ ಮುಖಕ್ಕೆ.

ಇದೇನು ಹೊಸ ವಿದ್ಯೆಯಲ್ಲ. ಅಮೆರಿಕದ ವೀಡ್ ಮತ್ತು ಮೆಕ್‌ಕಿಬೆನ್ 1919ರಲ್ಲೇ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ನರಕ್ಕೆ ಬರೀ ನೀರು ಬಿಟ್ಟರೆ ಮೆದುಳು ಉಬ್ಬಿತು, ಗಟ್ಟಿ ಉಪ್ಪುನೀರು ಬಿಟ್ಟರೆ ಕುಗ್ಗಿತು.

ಹಾಗಾಗಿ ತಲೆಪೆಟ್ಟಿಗೆ ನಾವು ಹಚ್ಚುವುದು ಸಾಮಾನ್ಯವಾಗಿ ನಾರ್ಮಲ್ ಸಲೈನ್. ಲೀಟರಿಗೆ 9 ಗ್ರಾಂ ಉಪ್ಪು, ರಿಪೋರ್ಟಿನ ಅದೇ ಲೆಕ್ಕದಲ್ಲಿ ಸೋಡಿಯಂ 154. ಆರ್.ಎಲ್. (ರಿಂಗರ್ ಲ್ಯಾಕ್ಟೇಟ್) ಅನ್ನುವ ಇನ್ನೊಂದು ಬಾಟಲಿಯಲ್ಲಿ 130, ರಕ್ತಕ್ಕಿಂತ ತುಸು ತೆಳು. ಬೇರೆ ಎಷ್ಟೋ ಕಾಯಿಲೆಗೆ ಅದು ಒಳ್ಳೆಯದೇ, ಬಾತ ಮೆದುಳಿಗೆ ನನ್ನ ಮೊದಲ ಆಯ್ಕೆಯಲ್ಲ.

ಒತ್ತಡ ಏರಿದರೆ ಆಟ ಉಲ್ಟಾ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವುದರೊಳಗೆ ನೀರು ಬಿಡುತ್ತದೆ, ಅಲ್ವಾ? 3 ಪರ್ಸೆಂಟ್ ಸಲೈನ್ ಮೆದುಳಿನಿಂದ ಹಾಗೇ ನೀರು ಎಳೆಯುತ್ತದೆ. ಮ್ಯಾನಿಟಾಲ್ ಅನ್ನುವ ಔಷಧಿ ಕೂಡ. ಈ ಮ್ಯಾನಿಟಾಲ್ ಬಾಟಲಿಯದ್ದೊಂದು ತಮಾಷೆ. ತಂಪಾದರೆ ಒಳಗೆ ಹರಳು ಕಟ್ಟುತ್ತದೆ. ಹೊರಗೆ ಕಲಬುರಗಿ ಬಿಸಿಲು ಕಾದ ಹಂಚಿನಂತಿದ್ದರೂ, ಐಸಿಯು ಎ.ಸಿ.ಯಲ್ಲಿ ಸಿಸ್ಟರ್ ಆ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಹರಳು ಕರಗಿಸುತ್ತಾ ನಿಂತಿರುತ್ತಾರೆ.

ಮ್ಯಾನಿಟಾಲ್ ಕೊಟ್ಟ ಮೇಲೆ ಮೂತ್ರ ಧಾರಾಳವಾಗಿ ಹೋಗುತ್ತದೆ. ಹೋದ ನೀರನ್ನು ತುಂಬದಿದ್ದರೆ ಬಿ.ಪಿ. ಬೀಳುತ್ತದೆ. ನಿಮ್ಮ ರಾತ್ರಿ ಡಾಕ್ಟರ್ ಬಿ.ಪಿ.ಗೆ ಹೆದರಿದ್ದು ಸುಳ್ಳಲ್ಲ. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ನಲ್ಲಿ ಸೊರಗುತ್ತದೆ. ಸರಾಸರಿ ಬಿ.ಪಿ. 80, ತಲೆಯೊಳಗಿನ ಒತ್ತಡ 20 ಅಂದುಕೊಳ್ಳಿ. ಕಳೆದರೆ 60. ಮೆದುಳಿಗೆ ರಕ್ತ ತಳ್ಳುವ ಬಲ ಅಷ್ಟೇ. ಅದು 60ರಿಂದ 70 ಇರಲಿ ಅಂತ ನೋಡುತ್ತೇವೆ. ಬಿ.ಪಿ. ಕುಸಿದರೆ, ಪೆಟ್ಟಿನಿಂದ ಉಳಿದ ಮೆದುಳೂ ರಕ್ತವಿಲ್ಲದೆ ಸಾಯುತ್ತದೆ. ಹಿಂದೆ ತಲೆಪೆಟ್ಟಿನವರಿಗೆ ನೀರು ಕಡಿಮೆ ಕೊಟ್ಟು ‘ಒಣಗಿಸಿ’ ಇಡುವ ರೂಢಿಯಿತ್ತು. ಅದರಿಂದ ಕೆಟ್ಟದ್ದೇ ಆಯಿತು. ಹಗಲಿನವರು ಎಂಥ ನೀರು ಅಂತ ನೋಡಿದರು, ರಾತ್ರಿಯವರು ಎಷ್ಟು ನೀರು ಅಂತ ನೋಡಿದರು. ನಿಮಗೆ ಒಂದೇ ಮಾತಿನಲ್ಲಿ ಬಿಡಿಸಿ ಹೇಳಲಿಲ್ಲ, ಅದು ನಮ್ಮವರ ತಪ್ಪು.

ತುಟ್ಟಿ ಬಾಟಲಿ ಅಂದರೆ ಹೆಚ್ಚಾಗಿ ಆಲ್ಬುಮಿನ್, ರಕ್ತದಲ್ಲಿರುವ ಒಂದು ಪ್ರೋಟೀನ್. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ತಲೆಪೆಟ್ಟಿನ 460 ಜನರಲ್ಲಿ ಅದನ್ನೂ ಸಲೈನನ್ನೂ ಹೋಲಿಸಿದ ಫಲಿತಾಂಶ 2007ರಲ್ಲಿ ಬಂತು. ಎರಡು ವರ್ಷದಲ್ಲಿ ಆಲ್ಬುಮಿನ್ ಪಡೆದವರಲ್ಲಿ ಮೂರರಲ್ಲೊಬ್ಬರು ತೀರಿಕೊಂಡಿದ್ದರು. ಸಲೈನ್ ಗುಂಪಿನಲ್ಲಿ ಐದರಲ್ಲೊಬ್ಬರು. ನಿಮ್ಮ ದುಡ್ಡು ಉಳಿದದ್ದಷ್ಟೇ ಅಲ್ಲ.

ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಎಚ್ಚರವಿಲ್ಲದವನಿಗೆ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ. ನಳಿಕೆಯಲ್ಲಿ ಬಿಟ್ಟರೂ ಆ ಹೊತ್ತಿಗೆ ಬೇಡದ ನೀರೇ.

ಜಗಳ ತಪ್ಪೇ, ಅಣ್ಣಾರೆ. ಆದರೆ ಒಡಹುಟ್ಟಿದವನು ಒಳಗೆ ಮಲಗಿರುವಾಗ ಬಾಗಿಲ ಹೊರಗೆ ಕೂತವರ ಸಂಕಟ ನನಗೆ ಗೊತ್ತು. ಸಿಸ್ಟರ್‌ಗೂ ಗೊತ್ತಿರುತ್ತದೆ. ತಮ್ಮನನ್ನು ತೋರಿಸಲು ಮತ್ತೆ ಕಲಬುರಗಿಗೆ ಹೋದಾಗ ಎರಡು ಎಳನೀರು ಒಯ್ದು ಅವರ ಕೈಗೆ ಕೊಡಿ. ರಾತ್ರಿ ಪಾಳಿ ಮುಗಿಸಿದವರು ಬೇಡ ಅನ್ನುವುದಿಲ್ಲ.