ಹೊರಗಿನಿಂದಷ್ಟೇ ಕಾಣುವ ಮನೆ

ನಮಸ್ಕಾರ.

ಕ್ಯಾಲಿಫೋರ್ನಿಯಾದ ಯುರೇಕಾ ಊರಿನ ಕಾರ್ಸನ್ ಮಹಲಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಕಷ್ಟದ ಮಾತು. ಮೂರನೇ ಪ್ಯಾರಾದಲ್ಲಿ ನೀವು ಬಾಗಿಲು ತಳ್ಳಿ ಒಳಗೆ ಹೋಗುತ್ತೀರಿ, ಮೆಟ್ಟಿಲು ಹತ್ತುತ್ತೀರಿ, ಬಣ್ಣದ ಗಾಜಿನ ಬೆಳಕು ನಿಮ್ಮ ಕೈ ಮೇಲೆ ಬೀಳುತ್ತದೆ. ನಿಜವಾಗಿ ಹೋಗಿದ್ದಿರಾ? 1950ರಲ್ಲಿ ಊರಿನ ಕೆಲವರು ಆ ಮನೆಯನ್ನು 35,000 ಡಾಲರಿಗೆ ಕೊಂಡರು. ಈಗ ಅದು ಇಂಗೋಮಾರ್ ಕ್ಲಬ್ ಎಂಬ ಖಾಸಗಿ ಕ್ಲಬ್. ಸಾರ್ವಜನಿಕರಿಗೆ ಒಳಗೆ ಬಿಡುವುದಿಲ್ಲ. ಯಾರದಾದರೂ ಅತಿಥಿಯಾಗಿ ಹೋಗಿದ್ದರೆ ಅದನ್ನೇ ಬರೆಯಿರಿ. ಫೋಟೊ ನೋಡಿ ಬರೆದಿದ್ದರೆ ಆ ಪ್ಯಾರಾ ತೆಗೆದುಬಿಡಿ. ಓದುಗರು ನಿಮ್ಮನ್ನು ನಂಬಿ ಜೊತೆಗೆ ಬರುತ್ತಾರೆ, ಅಲ್ವಾ? ಅವರನ್ನು ನೀವು ಕಾಲಿಡದ ಕೋಣೆಗೆ ಕರೆದೊಯ್ಯಬಾರದು.

‘ಭವ್ಯ’ ಹನ್ನೊಂದು ಸಲ ಬಂದಿದೆ. ಮಾಡಿನ ಕೆಳಗಿನ ತ್ರಿಕೋನ ಗೋಡೆಗೆ ಗೇಬಲ್, ಪುಟ್ಟ ಗೋಪುರಕ್ಕೆ ಟರೆಟ್ ಎಂದೆಲ್ಲ ಬರೆದಿದ್ದೀರಿ. ಮೊನಚು ಗೋಪುರ, ಕೆತ್ತನೆಯ ಕಂಬಗಳ ಜಗಲಿ ಎಂದರೆ ಊರಲ್ಲಿರುವ ನಿಮ್ಮ ಅಜ್ಜಿಗೂ ಮನೆ ಕಾಣುತ್ತದೆ.

ಆದರೆ ನಿಮ್ಮ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ‘ಕೊಲ್ಲಿಯಿಂದ ಮಂಜು ಬಂತು, ಮೊದಲು ಗೋಪುರ ಹೋಯಿತು, ಆಮೇಲೆ ಮನೆ.’ ಇದು ರಸ್ತೆಯಲ್ಲಿ ಚಳಿಗೆ ನಡುಗುತ್ತಾ ನಿಂತವರು ಬರೆಯುವ ಸಾಲು. ಇಡೀ ಲೇಖನ ಅಲ್ಲಿ ನಿಂತೇ ಬರೆಯಬಹುದು.

ಹೊರಗೆ ನಿಂತರೆ ಏನು ಕಾಣುತ್ತದೆ? ಮರ. ವಿಲಿಯಂ ಕಾರ್ಸನ್ ಕೆನಡಾದಿಂದ ಚಿನ್ನ ಹುಡುಕಿಕೊಂಡು ಬಂದವನು, ಶ್ರೀಮಂತನಾಗಿದ್ದು ನಾಟಾ ವ್ಯಾಪಾರದಲ್ಲಿ. ಆ ಮನೆಯ ಹೊರಮೈ ಅಲ್ಲಿನ ಕಾಡಿನ ರೆಡ್‌ವುಡ್ ಮರದ್ದು. ಅವನ ಪಾಲುದಾರ ಜಾನ್ ಡಾಲ್ಬಿಯರ್ ಕಾಡಿನಲ್ಲಿ ದಿಮ್ಮಿ ಎಳೆಯುವ ಉಗಿಯಂತ್ರ ಮಾಡಿದ. ಅದರ ಹೆಸರು ಸ್ಟೀಮ್ ಡಾಂಕಿ. ಅದಕ್ಕೂ ಮುಂಚೆ ದಿಮ್ಮಿ ಎಳೆಯುತ್ತಿದ್ದವು ಎತ್ತುಗಳು. ನೀವು ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ! ನನಗೆ ಇದೇ ಜಾಸ್ತಿ ಬೇಕಿತ್ತು. ಸಾವಿರ ವರ್ಷ ಬದುಕಬಲ್ಲ ಮರಗಳು ಹೇಗೆ ಉರುಳಿದವು, ಹೇಗೆ ಸಾಮಿಲ್ಲಿಗೆ ಬಂದವು, ಹೇಗೆ ಜಗಲಿಯ ಕಂಬದ ಕೆತ್ತನೆಯಾದವು, ಅದನ್ನು ಹೇಳಿ. ಒಳಗೆ ಹೋಗದೆಯೂ ಇದನ್ನು ಬರೆಯಬಹುದು.

ಮನೆ ಕಟ್ಟಿದ್ದು 1884ರಿಂದ 1886ರವರೆಗೆ. ವಿನ್ಯಾಸ ನ್ಯೂಸಮ್ ಸಹೋದರರದು. ವ್ಯಾಪಾರ ಕುಸಿದಿದ್ದ ಕಾಲದಲ್ಲಿ ತನ್ನ ಕೆಲಸಗಾರರ ಕೈ ಖಾಲಿಯಾಗಬಾರದೆಂದು ಕಾರ್ಸನ್ ಇದನ್ನು ಕಟ್ಟಿಸಿದ, 100ಕ್ಕೂ ಹೆಚ್ಚು ಜನ ದುಡಿದರು ಎಂದು ಹೇಳುತ್ತಾರೆ. ನೀವು ಅಷ್ಟಕ್ಕೇ ಅವನನ್ನು ‘ಕರುಣಾಮೂರ್ತಿ’ ಮಾಡಿದ್ದೀರಿ. ಸ್ವಲ್ಪ ತಡೆಯಿರಿ. ಆ ಮನೆ ಮೇಲೇಳುತ್ತಿದ್ದಾಗಲೇ, 1885ರ ಫೆಬ್ರುವರಿಯಲ್ಲಿ, ಇಬ್ಬರು ಚೀನೀಯರ ಜಗಳದಲ್ಲಿ ಗುರಿ ತಪ್ಪಿದ ಒಂದು ಗುಂಡಿಗೆ ಯುರೇಕಾದ ನಗರಸಭಾ ಸದಸ್ಯನೊಬ್ಬ ಸತ್ತ. ಮಾರನೆಯ ದಿನವೇ ಊರಿನವರು ಸುಮಾರು 300 ಚೀನೀಯರನ್ನು ಎರಡು ಹಡಗುಗಳಿಗೆ ಹತ್ತಿಸಿ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಟಿದರು. ಮನೆ, ಅಂಗಡಿ, ಬದುಕು ಎಲ್ಲ ಹೋಯಿತು. ಇದನ್ನು ಕಾರ್ಸನ್ ತಲೆಗೆ ಕಟ್ಟಬೇಡಿ, ಆಧಾರವಿಲ್ಲದೆ ಹಾಗೆ ಬರೆಯಬಾರದು. ಆದರೆ ಅದೇ ಊರು, ಅದೇ ಕಾಲ. ಬೇರೆ ದೇಶದಲ್ಲಿ ಬದುಕು ಕಟ್ಟಿಕೊಂಡಿರುವ ನೀವು ಇದನ್ನು ಬಿಟ್ಟು ಬರೆದರೆ ನನಗೆ ಬೇಸರವಾಗುತ್ತದೆ.

ಎದುರು ರಸ್ತೆಯ ‘ಪಿಂಕ್ ಲೇಡಿ’ ಮನೆಯೂ ಉಳಿಯಲಿ. ಮಗನ ಮದುವೆಗೆ ಉಡುಗೊರೆಯಾಗಿ ಕಾರ್ಸನ್ ಅದನ್ನು ಕಟ್ಟಿಸಿದ್ದು 1889ರಲ್ಲಿ. ಎರಡೇ ಸಾಲು ಸಾಕು.

ಕೊನೆಯ ಪುಟದ ‘ಇತಿಹಾಸ ನಮಗೆ ಕಲಿಸುವ ಪಾಠ’ ಬೇಡ. ಮಂಜಿನ ಆ ಸಾಲನ್ನು ಮೊದಲಿಗೆ ತನ್ನಿ. ಅಲ್ಲಿಂದ ಕಾಡಿಗೆ ಹೋಗಿ, ಆಮೇಲೆ ಹಡಗುಕಟ್ಟೆಗೆ. ಅವಸರ ಬೇಡ, ತಿಂಗಳಾದರೂ ಪರವಾಗಿಲ್ಲ. ತಿದ್ದಿ ನನಗೇ ಕಳಿಸಿ.

ನಿಮ್ಮ,
ಸಂಪಾದಕ