ಸಿರಿಯಸ್ ಬಿ: ಬಾಣದ ಗುರುತು ಹಾಕುವ ಮೊದಲು ಕ್ಯಾಮೆರಾ ತಿರುಗಿಸಿ ನೋಡಿ

ನೀವು ಇಲ್ಲಿ ಹಾಕಿದ ನಾಲ್ಕು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಸಿರಿಯಸ್ ಪಕ್ಕದ ಚುಕ್ಕೆಗೆ ಬಾಣ ಹಾಕಿ ‘ಬಿ ಸಿಕ್ಕಿತು’ ಎಂದು, ಅಂದರೆ ಆ ನಕ್ಷತ್ರದ ಹೊಳಪಿನಲ್ಲಿ ಮುಚ್ಚಿಹೋಗುವ ಅದರ ಪುಟ್ಟ ಜೊತೆ ನಕ್ಷತ್ರ ಸಿಕ್ಕಿತು ಎಂದು ಬರೆದಿದ್ದೀರಿ. ನೋಡಿ ಸುಮ್ಮನಿರಲು ಆಗಲಿಲ್ಲ. ಇಂಥದ್ದೇ ಚುಕ್ಕೆಯನ್ನು ನಂಬಿ ನಾನು ಮೂರು ತಿಂಗಳು ಕಳೆದುಕೊಂಡಿದ್ದೇನೆ.

ನನಗೆ ಕಂಡದ್ದು ಚಿತ್ರವನ್ನು ದೊಡ್ಡದಾಗಿಸುವ ಅಗ್ಗದ ಬಾರ್ಲೋ ಮಸೂರದ ಒಳಗಿನ ಪ್ರತಿಫಲನ. ದುಂಡಗೆ, ಚೊಕ್ಕವಾಗಿ, ಪ್ರತಿ ರಾತ್ರಿಯೂ ಫ್ರೇಮಿನ ಅದೇ ಮೂಲೆಯತ್ತ ಇರುತ್ತಿತ್ತು. ಪ್ರತಿ ರಾತ್ರಿ ಕಾಣುತ್ತದೆ ಎಂಬುದನ್ನೇ ಸಾಕ್ಷಿ ಎಂದುಕೊಂಡೆ. ಒಂದು ದಿನ ಕೇಬಲ್ ಎಳೆದು ಕ್ಯಾಮೆರಾ ಮತ್ತು ಬಾರ್ಲೋ ಒಟ್ಟಿಗೆ ತಿರುಗಿದವು. ಸ್ಪೈಡರ್ (ಚಿಕ್ಕ ಕನ್ನಡಿಯನ್ನು ಹಿಡಿದಿಡುವ ಪಟ್ಟಿಗಳು) ನಕ್ಷತ್ರದ ಸುತ್ತ ಮೂಡಿಸುವ ಕಿರಣಗಳೆಲ್ಲ ಫ್ರೇಮಿನಲ್ಲಿ ತಿರುಗಿ ನಿಂತರೂ ನನ್ನ ‘ಬಿ’ ಮಾತ್ರ ಇದ್ದಲ್ಲೇ ಇತ್ತು. ಆಕಾಶದ ವಸ್ತು ಹಾಗೆ ಮಾಡುವುದಿಲ್ಲ. ಅಷ್ಟರಲ್ಲಿ ಸಿರಿಯಸ್ ಸಂಜೆ ಬೆಳಕಿನಲ್ಲೇ ಮುಳುಗುವ ಕಾಲ ಬಂದಿತ್ತು.

ಆದ್ದರಿಂದ ಮೊದಲು ಕ್ಯಾಮೆರಾವನ್ನು, ಬಾರ್ಲೋ ಇದ್ದರೆ ಅದರ ಸಮೇತ, ಮೂವತ್ತು ಡಿಗ್ರಿಯಷ್ಟು ತಿರುಗಿಸಿ ಇನ್ನೊಮ್ಮೆ ತೆಗೆಯಿರಿ. ನಿಮ್ಮ ಚುಕ್ಕೆ ಕಿರಣದ ಮೇಲೆಯೇ ಕೂತಿರುವುದರಿಂದ ಅದು ಕಿರಣದ ಗಂಟೂ ಆಗಿರಬಹುದು. ಅದಕ್ಕೆ ಕ್ಯಾಮೆರಾ ತಿರುಗಿಸಿದರೆ ಸಾಲದು, ದೂರದರ್ಶಕದ ಕೊಳವೆಯನ್ನೇ ಅದನ್ನು ಹಿಡಿದಿರುವ ಉಂಗುರಗಳಲ್ಲಿ ತಿರುಗಿಸಬೇಕು. ಕೊಳವೆ ತಿರುಗಿಸಿದರೆ ಕಾಲಿಮೇಷನ್ (ಕನ್ನಡಿಗಳ ಹೊಂದಾಣಿಕೆ) ಮತ್ತೆ ನೋಡಿಕೊಳ್ಳಿ, ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ದಿಕ್ಕನ್ನೂ ನೀವು ನೋಡಿಲ್ಲ. ದೂರದರ್ಶಕ ಆಕಾಶವನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ನಿಲ್ಲಿಸಿ, ಸಿರಿಯಸ್ ಸರಿದುಹೋಗುವ ಕಡೆ ಪಶ್ಚಿಮ. ಬಿ ಈಗ ಅದರ ಹಿಂದೆ, ಪೂರ್ವದಿಂದ ಸ್ವಲ್ಪ ಉತ್ತರಕ್ಕೆ ವಾಲಿ, ಸುಮಾರು 11 ಆರ್ಕ್‌ಸೆಕೆಂಡ್ ದೂರದಲ್ಲಿದೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ನನ್ನ ಎಂಟು ಇಂಚಿನ ಕನ್ನಡಿಯ ದೂರದರ್ಶಕವಾದ ನ್ಯೂಟೋನಿಯನ್‌ನಲ್ಲಿ 2500 ಮಿ.ಮೀ. ಫೋಕಲ್ ಉದ್ದಕ್ಕೆ, 2.9 ಮೈಕ್ರಾನ್ ಪಿಕ್ಸೆಲ್‌ಗೆ ಅದು ನಲವತ್ತೈದು ಪಿಕ್ಸೆಲ್ ಆಸುಪಾಸು. ನಿಮ್ಮ ಲೆಕ್ಕ ನೀವೇ ಮಾಡಿ: ಮೈಕ್ರಾನ್‌ನಲ್ಲಿರುವ ಪಿಕ್ಸೆಲ್ ಅಳತೆಯನ್ನು 206ರಿಂದ ಗುಣಿಸಿ ಮಿ.ಮೀ.ನಲ್ಲಿರುವ ಫೋಕಲ್ ಉದ್ದದಿಂದ ಭಾಗಿಸಿದರೆ ಪ್ರತಿ ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಎಂದು ಸಿಗುತ್ತದೆ. ಚುಕ್ಕೆ ಆ ದೂರದಲ್ಲಿ, ಆ ದಿಕ್ಕಿನಲ್ಲಿ ಇಲ್ಲವಾದರೆ ಬಾಣ ಅಳಿಸಿಬಿಡಿ.

ಇನ್ನು ಎಕ್ಸ್‌ಪೋಷರ್. ಸಿರಿಯಸ್‌ನ ಕಾಂತಿಮಾನ -1.46, ಬಿಯದ್ದು 8.4 (ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಕಡಿಮೆ). ಅಂದರೆ ಸುಮಾರು ಒಂಬತ್ತು ಸಾವಿರ ಪಟ್ಟು ವ್ಯತ್ಯಾಸ. ಮಂಕು ನಕ್ಷತ್ರಕ್ಕೆ ಹೆಚ್ಚು ಸಮಯ ಕೊಡಬೇಕು ಎಂಬ ನೆಬ್ಯುಲಾ (ಮಸುಕಾದ ಅನಿಲ ಮೋಡ) ತೆಗೆಯುವ ಅಭ್ಯಾಸವನ್ನು ಇಲ್ಲಿ ತರಬೇಡಿ. ಎಂಟೂವರೆ ಕಾಂತಿಮಾನ ನಿಮ್ಮ ದೂರದರ್ಶಕಕ್ಕೆ ಮಂಕೇ ಅಲ್ಲ. ಸಮಯ ಹೆಚ್ಚಿದಷ್ಟೂ ಸಿರಿಯಸ್ ಊದಿಕೊಂಡು ಅದನ್ನು ನುಂಗುತ್ತದೆ. ನಾನು 0.1 ಸೆಕೆಂಡಿನ ಎರಡು ಸಾವಿರ ಫ್ರೇಮ್ ಹಿಡಿದು, ಅತ್ಯುತ್ತಮ ಹತ್ತನೇ ಒಂದು ಪಾಲನ್ನು ಮಾತ್ರ, ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುವ ತಂತ್ರಾಂಶವಾದ ಆಟೋಸ್ಟ್ಯಾಕರ್ಟ್‌ನಲ್ಲಿ ಪೇರಿಸುತ್ತೇನೆ. ಸೀಯಿಂಗ್ (ಗಾಳಿಯ ಸ್ಥಿರತೆ) ಕೆಟ್ಟಿದ್ದರೆ ಇದೂ ವ್ಯರ್ಥ. ಫ್ರೇಮ್ ಹಿಡಿಯಲು ಬಳಸುವ ತಂತ್ರಾಂಶಗಳಲ್ಲಿ ಫೈರ್‌ಕ್ಯಾಪ್ಚರ್ ನನಗೆ ಒಗ್ಗಿದೆ. ದುಬಾರಿ ಕ್ಯಾಮೆರಾಕ್ಕಿಂತ ಒಳ್ಳೆಯ ಬಾರ್ಲೋಗೆ ಮೊದಲು ಹಣ ಹಾಕಿ. ಬಾರ್ಲೋ ಕೆಲಸವನ್ನೇ ಮಾಡುವ ಟೆಲಿವ್ಯೂ ಪವರ್‌ಮೇಟ್‌ಗೆ ಬದಲಾಯಿಸಿದ ಮೇಲೆ ನನ್ನ ಆ ಪ್ರತಿಫಲನದ ಭೂತ ಮತ್ತೆ ಬಂದಿಲ್ಲ.

ನನಗೆ ನಿಜವಾಗಿ ಬಿ ಕೊಟ್ಟದ್ದು ರಟ್ಟಿನ ಷಟ್ಕೋನ. ಕೊಳವೆಯ ಬಾಯಿಗೆ ಸರಿಯಾಗಿ ಕೂರುವಂತೆ ಕತ್ತರಿಸಿ ಮುಂದೆ ಕಟ್ಟಿದರೆ ಚೆದುರಿದ ಬೆಳಕು ಆರು ಕಿರಣಗಳಿಗೆ ಸೇರಿಕೊಳ್ಳುತ್ತದೆ, ನಡುವಿನ ಜಾಗ ಕಪ್ಪಾಗುತ್ತದೆ. ಆ ಕಪ್ಪು ಸಂದಿಗೆ ಬಿ ಬರುವಂತೆ ರಟ್ಟನ್ನು ತಿರುಗಿಸಿ. ಅಂಚು ಚೂಪಾಗಿ, ನೇರವಾಗಿ ಇರಲಿ. ನ್ಯೂಟೋನಿಯನ್ ಆದರೆ ಸ್ಪೈಡರ್‌ನ ನಾಲ್ಕು ಕಿರಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಚಿಂತೆಯಿಲ್ಲ.

ಕನ್ನಡಿ ತಣ್ಣಗಾಗಲು ಒಂದು ಗಂಟೆ ಬಿಡಿ. ಸಿರಿಯಸ್ ಮೆರಿಡಿಯನ್ ದಾಟುವ, ಅಂದರೆ ಆಕಾಶದಲ್ಲಿ ಅತಿ ಎತ್ತರಕ್ಕೆ ಬರುವ ಆಸುಪಾಸಿನಲ್ಲಿ ಮಾತ್ರ ತೆಗೆಯಿರಿ. ಕೆಳಗಿದ್ದಾಗ ವಾತಾವರಣ ಬಣ್ಣಗಳನ್ನು ಎಳೆದು ಪಟ್ಟಿ ಮಾಡುತ್ತದೆ, ಆಗ 685 ನ್ಯಾನೋಮೀಟರ್‌ನ ಅವಗೆಂಪು ಫಿಲ್ಟರ್ ಸಹಾಯ ಮಾಡುತ್ತದೆ.

ಮೊದಲು ಅಭ್ಯಾಸಕ್ಕೆ ರೈಗಲ್ ನಕ್ಷತ್ರದ ಜೊತೆಗಾರ ರೈಗಲ್ ಬಿ ತೆಗೆಯಿರಿ. ದೂರ 9.5 ಆರ್ಕ್‌ಸೆಕೆಂಡ್, ಕಾಂತಿಮಾನ 6.8. ಅದೇ ಸ್ಪಷ್ಟವಾಗದ ರಾತ್ರಿ ಸಿರಿಯಸ್ ಕಡೆ ತಿರುಗಬೇಡಿ. ಹಾಗೆಂದು ವರ್ಷಗಟ್ಟಲೆ ಮುಂದೂಡಲೂ ಬೇಡಿ. ಐವತ್ತು ವರ್ಷಗಳ ಕಕ್ಷೆಯಲ್ಲಿ ಬಿ ಅತಿ ದೂರ ಹೋಗಿ ಈಗ ಹಿಂದಿರುಗುತ್ತಿದೆ. 1994ರಲ್ಲಿ ಇದ್ದಷ್ಟು ಹತ್ತಿರ ಬಂದಾಗ ಈ ರಟ್ಟಿನಿಂದಲೂ ಆಗುವುದಿಲ್ಲ. ತಿರುಗಿಸಿ ತೆಗೆದ ಎರಡೂ ಚಿತ್ರಗಳನ್ನು, ಪಶ್ಚಿಮ ಗುರುತಿಸಿ, ಸ್ಟ್ರೆಚ್ ಮಾಡದೆ (ಹೊಳಪನ್ನು ಹಿಗ್ಗಿಸದೆ) ಇಲ್ಲಿ ಹಾಕಿ. ನಾನು ಅಳೆದು ನೋಡುತ್ತೇನೆ.