ಸತ್ಯವೇದ ಓದದ ತಾತ ಕೈಮುಗಿದದ್ದು ಯಾರಿಗೆ?

ಪ್ರಿಯ ಸಹೋದರಿ, ವಂದನೆಗಳು.

ಓದು ಬರಹ ಬಾರದ ನಿಮ್ಮ ತಾತ ಮೊದಲ ಮಳೆ ಬಿದ್ದಾಗ ಹೊಲದಲ್ಲೇ ನಿಂತು ಆಕಾಶಕ್ಕೆ ಕೈಮುಗಿಯುತ್ತಿದ್ದರು, "ಮೇಲಿರೋನು ಕೊಟ್ಟ" ಅನ್ನುತ್ತಿದ್ದರು ಎಂದು ಬರೆದಿದ್ದೀರಿ. ಯೇಸುವಿನ ಸುವಾರ್ತೆ ಕೇಳದೆಯೇ ಅವರು ತೀರಿಕೊಂಡರು. ಸತ್ಯವೇದ, ಅಂದರೆ ಬೈಬಲ್, ಇಲ್ಲದೆ ದೇವರನ್ನು ಅರಿಯಲು ಆಗುವುದೇ ಇಲ್ಲ ಎಂದು ನಿಮ್ಮ ಸಭಾಪಾಲಕರು ಹೇಳಿದ್ದಾರೆ. ಹಾಗಾದರೆ ತಾತ ಕೈಮುಗಿದದ್ದು ಯಾರಿಗೆ ಎಂದು ಕೇಳಿದ್ದೀರಿ.

ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲ ಒಮ್ಮೆ ಮಳೆಯನ್ನೇ ಇಟ್ಟುಕೊಂಡು ಬೋಧಿಸಿದ್ದಾನೆ. ಅದು ನಡೆದದ್ದು ಲುಸ್ತ್ರದಲ್ಲಿ, ಇಂದಿನ ಟರ್ಕಿಯ ಕೊನ್ಯಾ ಪಟ್ಟಣದ ಹತ್ತಿರ. ಆ ಬಯಲುಸೀಮೆಯಲ್ಲಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ, ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಹುಟ್ಟುಕುಂಟನೊಬ್ಬ ಎದ್ದು ನಡೆದದ್ದನ್ನು ಕಂಡ ಜನ ಪೌಲನನ್ನೂ ಅವನ ಜೊತೆಗಾರ ಬಾರ್ನಬನನ್ನೂ ದೇವರುಗಳು ಅಂದುಕೊಂಡರು. ಪೂಜಾರಿ ಹೋರಿಗಳನ್ನೂ ಹೂಮಾಲೆಗಳನ್ನೂ ತಂದ. ಇವರಿಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿದರು. ಸ್ವಲ್ಪ ಮೊದಲು ಯೆಹೂದ್ಯರ ಸಭಾಮಂದಿರದಲ್ಲಿ ಪೌಲ ಅವರ ಪೂರ್ವಜರಿಗೆ ಐಗುಪ್ತದಿಂದ ಸಿಕ್ಕ ಬಿಡುಗಡೆ, ರಾಜ ದಾವೀದ ಎಂದೆಲ್ಲ ಮಾತಾಡಿದ್ದ. ಇಲ್ಲಿ ಆ ಹೆಸರುಗಳೇ ಇಲ್ಲ. ದೇವರು ತನ್ನ ಬಗ್ಗೆ ಸಾಕ್ಷಿ ಕೊಡದೆ ಬಿಟ್ಟಿಲ್ಲ, ನಿಮಗೆ ಮಳೆ ಸುರಿಸಿದ, ಬೆಳೆ ಕೊಟ್ಟ, ಹೊಟ್ಟೆ ತುಂಬಿಸಿ ಮನಸ್ಸಿಗೂ ಸಂತೋಷ ತಂದ ಅಂದ. ನಿಮ್ಮ ತಾತ ಹೇಳುತ್ತಿದ್ದದ್ದೂ ಇದನ್ನೇ ಅಲ್ವಾ?

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನ ಮಾತು ಇನ್ನೂ ಕಟುವಾಗಿದೆ. ದೇವರ ಶಕ್ತಿ ಸೃಷ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಯಾರಿಗೂ ನೆಪ ಉಳಿದಿಲ್ಲ ಎನ್ನುತ್ತಾನೆ. ಬೋಧಕರು ಜಾಸ್ತಿ ಇಲ್ಲಿಗೇ ನಿಲ್ಲಿಸಿ ಹೆದರಿಸುತ್ತಾರೆ. ದಯವಿಟ್ಟು ಮುಂದಿನ ವಾಕ್ಯವನ್ನೂ ಓದಿ. ಅಲ್ಲಿನ ಆರೋಪ, ದೇವರನ್ನು ತಿಳಿದೂ ಆತನಿಗೆ ಕೃತಜ್ಞತೆ ಹೇಳಲಿಲ್ಲ ಎಂಬುದು. ನಿಮ್ಮ ತಾತ ಹೇಳಿದರು.

ಸಭಾಪಾಲಕರ ಅಂಜಿಕೆಯನ್ನೂ ನಾನು ತಳ್ಳಿಹಾಕುವುದಿಲ್ಲ. 1934ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ದೇವತಾಶಾಸ್ತ್ರಜ್ಞ ಎಮಿಲ್ ಬ್ರೂನರ್ ಸೃಷ್ಟಿಯಲ್ಲೂ ದೇವರ ಅರಿವಿಗೆ ಜಾಗವಿದೆ ಎಂದು ಬರೆದರು. ಅದಕ್ಕೆ ಇನ್ನೊಬ್ಬ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ಟ್ 'ಇಲ್ಲ!' ಎಂಬ ತಲೆಬರಹದ ಪುಸ್ತಿಕೆಯಲ್ಲೇ ಉತ್ತರ ಕೊಟ್ಟರು. ರಕ್ತದಲ್ಲಿ, ನೆಲದಲ್ಲಿ, ಜನಾಂಗದಲ್ಲಿ ದೇವರ ಚಿತ್ತ ಕಾಣುತ್ತಿದೆ ಎನ್ನುತ್ತಾ ನಾಜಿಗಳ ಪಕ್ಕ ನಿಂತ ಕ್ರೈಸ್ತರು ಆಗ ಜರ್ಮನಿಯಲ್ಲಿದ್ದರು. ನಮಗೆ ಬೇಕಾದದ್ದನ್ನು ಪ್ರಕೃತಿಯಲ್ಲಿ ಓದಿಕೊಂಡು ಅದಕ್ಕೆ ದೇವರ ಹೆಸರು ಹಚ್ಚುವ ಅಪಾಯ ಇದ್ದೇ ಇದೆ. ಮಳೆ ನೋಡಿದರೆ ಶಿಲುಬೆಯ ವಿಷಯ ತಿಳಿಯುವುದೂ ಇಲ್ಲ. ಅದನ್ನು ಹೇಳಲೆಂದೇ ಪೌಲ ಊರೂರು ಅಲೆದ. ಆದರೆ ಇಷ್ಟರಿಂದ ತಾತನ ನಮಸ್ಕಾರ ಸುಮ್ನೆ ಗಾಳಿಗೆ ಹೋಯಿತು ಎನ್ನಲು ನನಗೆ ಆಧಾರ ಸಿಗುವುದಿಲ್ಲ.

ಅವರ ಕೊನೆಯ ತೀರ್ಪು ದೇವರಿಗೆ ಸೇರಿದ್ದು. ಕೈಮುಗಿದದ್ದು ಯಾರಿಗೆ ಎಂದರೆ, ಮಳೆ ಕೊಟ್ಟವನಿಗೇ ಎಂದು ನಾನು ನಂಬುತ್ತೇನೆ. ಜನ ತಡಕಾಡಿಯಾದರೂ ತನ್ನನ್ನು ಕಂಡುಕೊಳ್ಳಲಿ ಎಂಬುದೇ ದೇವರ ಉದ್ದೇಶ, ಆತ ನಮ್ಮಲ್ಲಿ ಯಾರಿಗೂ ದೂರದವನಲ್ಲ ಎಂದು ಪೌಲ ಗ್ರೀಸಿನ ಅಥೇನೆಯಲ್ಲಿ ಹೇಳಿದ. ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳ 14 ಮತ್ತು 17ನೇ ಅಧ್ಯಾಯಗಳನ್ನು ಸಭಾಪಾಲಕರ ಜೊತೆ ಕೂತು ಓದಿ. ಅವರಿಗೆ ಒಪ್ಪಿಗೆಯಾಗದಿದ್ದರೆ ನಮಗೆ ಬರೆಯಲಿ, ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ